ನೆಲದ ಶಾಖ ಕೈಕೊಟ್ಟರೆ ದೋಷ ಕಲ್ಲಿನದೇ?

ಇಳಕಲ್‌ನ ಕೆಂಪು ಗ್ರಾನೈಟ್, ಚಾಮರಾಜನಗರದ ಕಪ್ಪು ಗ್ರಾನೈಟ್ ಮೊದಲಾದ ರಾಜ್ಯದ ಹಾಸುಗಲ್ಲುಗಳು ಶೀತ ದೇಶಗಳ ಮನೆಗಳಿಗೂ ರಫ್ತಾಗುತ್ತವೆ. ಜರ್ಮನಿಯಂತಹ ಐರೋಪ್ಯ ದೇಶಗಳ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಕೊಠಡಿಯನ್ನು ಬೆಚ್ಚಗಿಡಲು ನೆಲದ ಅಡಿಯಲ್ಲೇ ಬಿಸಿನೀರಿನ ಕೊಳವೆಗಳನ್ನು ಹುದುಗಿಸುವ ಪದ್ಧತಿ ವ್ಯಾಪಕವಾಗಿದೆ. ದಕ್ಷಿಣ ಕೊರಿಯಾದಲ್ಲಂತೂ ಇದೇ ವಾಡಿಕೆ. ಇಂತಹ ನೆಲಕ್ಕೆ ಕಲ್ಲು ಪೂರೈಸಿದವರಿಗೆ ಚಳಿಗಾಲ ಆರಂಭವಾದೊಡನೆ ಎರಡು ಬಗೆಯ ದೂರುಗಳು ಬರಬಹುದು: ನೆಲ ಬೆಚ್ಚಗಾಗುತ್ತಿಲ್ಲ, ಇಲ್ಲವೇ ಕಲ್ಲು ಬಿರುಕು ಬಿಟ್ಟಿದೆ. ದೂರಿನೊಂದಿಗೆ ಬಾಕಿ ಹಣವೂ ತಡೆಹಿಡಿಯಲ್ಪಡುತ್ತದೆ. ಸ್ಥಳಕ್ಕೆ ಹೋಗಿ ನೋಡಲಾಗದ ಸಣ್ಣ ಉದ್ಯಮಿ, ವ್ಯವಸ್ಥೆಯ ಪರಿಚಯವಿಲ್ಲದಿದ್ದರೆ, ತನ್ನದಲ್ಲದ ತಪ್ಪಿಗೆ ರಿಯಾಯಿತಿ ಕೊಟ್ಟು ಕೈತೊಳೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ದೋಷವನ್ನು ಯಾವ ಕ್ರಮದಲ್ಲಿ ಪತ್ತೆಹಚ್ಚಬೇಕೆಂಬುದನ್ನು ಅರಿತಿರುವುದು ಲಾಭದಾಯಕ.

ವ್ಯವಸ್ಥೆಯ ರಚನೆ

ಕಾಂಕ್ರೀಟ್ ಚಪ್ಪಡಿಯ ಮೇಲೆ ಶಾಖನಿರೋಧಕ ಹಾಳೆ, ಅದರ ಮೇಲೆ ಸಾಮಾನ್ಯವಾಗಿ 16 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ಕೊಳವೆಯ ಸುರುಳಿಗಳು, ಅವುಗಳನ್ನು ಮುಚ್ಚುವ ಸಿಮೆಂಟ್ ಗಾರೆಯ ಪದರ, ಅದರ ಮೇಲೆ ಅಂಟು ಮತ್ತು ಕಲ್ಲು: ಇದು ನೆಲದ ರಚನೆ. ಪ್ರತಿ ಕೊಠಡಿಯ ಸುರುಳಿಯೂ ಮ್ಯಾನಿಫೋಲ್ಡ್ ಎಂಬ ವಿತರಣಾ ಘಟಕದಿಂದ ಹೊರಟು ಅಲ್ಲಿಗೇ ಹಿಂದಿರುಗುತ್ತದೆ. ಕೊಳವೆಯಲ್ಲಿ ಹರಿಯುವ ನೀರಿನ ಉಷ್ಣತೆ ಸಾಮಾನ್ಯವಾಗಿ 35ರಿಂದ 45 ಡಿಗ್ರಿ ಸೆಲ್ಸಿಯಸ್ ಮಾತ್ರ. ಇಎನ್ 1264 ಎಂಬ ಐರೋಪ್ಯ ಮಾನಕದಂತೆ ಜನರು ವಾಸಿಸುವ ಭಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿಯನ್ನು, ಸ್ನಾನಗೃಹದಲ್ಲಿ 33 ಡಿಗ್ರಿಯನ್ನು ಮೀರಬಾರದು.

‘ನೆಲ ಬೆಚ್ಚಗಾಗುತ್ತಿಲ್ಲ’ ಎಂಬ ದೂರು

ಮೊದಲು ಪರಿಶೀಲಿಸಬೇಕಾದುದು ದೂರಿನ ಆಧಾರವನ್ನೇ. 25 ಡಿಗ್ರಿಯಷ್ಟಿರುವ ಕಲ್ಲು ಅಂಗೈಯ ಚರ್ಮಕ್ಕಿಂತ ತಂಪಾಗಿರುವುದರಿಂದ ಮುಟ್ಟಿದಾಗ ತಣ್ಣಗೇ ತೋರುತ್ತದೆ. ಆದರೂ ಕೊಠಡಿ ಸಾಕಷ್ಟು ಬೆಚ್ಚಗಿರಬಹುದು. ಆದ್ದರಿಂದ ಕೈಯ ಅನುಭವವನ್ನಲ್ಲ, ಉಷ್ಣಮಾಪಕದ ಅಂಕಿಯನ್ನು ಕೇಳಬೇಕು. ಗಾರೆಯ ಪದರ ದಪ್ಪವಾಗಿರುವ ಕಾರಣ ನೆಲ ಬಿಸಿಯಾಗಲು ಹಲವು ಗಂಟೆಗಳು ಬೇಕೆಂಬುದನ್ನೂ ಮರೆಯಬಾರದು.

ಎರಡನೆಯ ಪ್ರಶ್ನೆ: ಇಡೀ ಮನೆ ತಣ್ಣಗಿದೆಯೇ, ಒಂದೇ ಕೊಠಡಿಯೇ? ಇಡೀ ಮನೆಯಾದರೆ ದೋಷ ಬಾಯ್ಲರ್, ಪಂಪು, ಮುಚ್ಚಿಹೋದ ಸೋಸುಕ ಅಥವಾ ನೀರಿನ ಉಷ್ಣತೆಯನ್ನು ನಿಯಂತ್ರಿಸುವ ಮಿಶ್ರಣ ವಾಲ್ವ್‌ನಲ್ಲಿರುತ್ತದೆ. ಸ್ವತಂತ್ರ ಬಾಯ್ಲರ್ ಇರುವ ಮನೆಗಳಲ್ಲಿ ಒತ್ತಡ ಮಾಪಕ ಸಾಮಾನ್ಯವಾಗಿ 1ರಿಂದ 2 ಬಾರ್ ತೋರಿಸಬೇಕು. ಮತ್ತೆ ಮತ್ತೆ ಇಳಿಯುತ್ತಿದ್ದರೆ ನೀರು ಎಲ್ಲೋ ಸೋರುತ್ತಿರಬಹುದು.

ಒಂದೇ ಕೊಠಡಿ ತಣ್ಣಗಿದ್ದರೆ ಮ್ಯಾನಿಫೋಲ್ಡ್‌ನಲ್ಲಿ ಆ ಸುರುಳಿಯ ಹರಿವು ಮಾಪಕವನ್ನು ನೋಡಬೇಕು. ಹರಿವು ಇಲ್ಲದಿದ್ದರೆ ಮೂರು ಕಾರಣಗಳು ಸಂಭವನೀಯ. ಒಂದು, ಥರ್ಮೋಸ್ಟಾಟ್‌ನ ಆಜ್ಞೆಯಂತೆ ವಾಲ್ವ್ ತೆರೆಯುವ ಚಿಕ್ಕ ವಿದ್ಯುತ್ ಸಾಧನ ಕೆಟ್ಟಿರಬಹುದು. ಅದನ್ನು ಬಿಚ್ಚಿ ತೆಗೆದಾಗ ನೀರು ಹರಿದರೆ ದೋಷ ವಿದ್ಯುತ್ ಭಾಗದ್ದು. ಎರಡು, ಬೇಸಿಗೆಯುದ್ದಕ್ಕೂ ಅಲುಗಾಡದ ವಾಲ್ವ್‌ನ ಕಡ್ಡಿ ಸಿಕ್ಕಿಕೊಂಡಿರಬಹುದು. ಮೂರು, ಕೊಳವೆಯಲ್ಲಿ ಗಾಳಿ ತುಂಬಿರಬಹುದು. ಆಗ ಉಳಿದ ಸುರುಳಿಗಳನ್ನು ಮುಚ್ಚಿ, ಆ ಒಂದರಲ್ಲಿ ಮಾತ್ರ ನೀರು ರಭಸವಾಗಿ ಹಾಯಿಸಿ ಗಾಳಿಯನ್ನು ಹೊರಹಾಕಬೇಕು. ಹರಿವು ಇದ್ದರೂ ಕಡಿಮೆಯಿದ್ದರೆ ಅದು ಸಮತೋಲನದ ಕೊರತೆ. 100 ಮೀಟರ್ ಉದ್ದದ ಸುರುಳಿಗಿಂತ 40 ಮೀಟರಿನ ಸುರುಳಿಯಲ್ಲಿ ನೀರು ಸುಲಭವಾಗಿ ಹರಿಯುವುದರಿಂದ ಚಿಕ್ಕದನ್ನು ಬಿಗಿಗೊಳಿಸಬೇಕು.

ಇವೆಲ್ಲದರ ನಂತರವೇ ಹೊದಿಕೆಯ ಪ್ರಶ್ನೆ. 20 ಮಿ.ಮೀ. ಗ್ರಾನೈಟ್ ಶಾಖಕ್ಕೆ ಒಡ್ಡುವ ತಡೆ, 15 ಮಿ.ಮೀ. ಮರದ ಹಲಗೆ ಒಡ್ಡುವ ತಡೆಯ ಸುಮಾರು ಹತ್ತನೇ ಒಂದು ಭಾಗ ಮಾತ್ರ. ನೆಲ ಬೆಚ್ಚಗಾಗದಿರುವುದಕ್ಕೆ ಕಲ್ಲಿನ ಮೇಲೆ ಹಾಸಿದ ದಪ್ಪ ಜಮಖಾನೆ ಕಾರಣವಾಗಬಹುದೇ ಹೊರತು ಕಲ್ಲು ಕಾರಣವಾಗುವುದು ಅತಿ ವಿರಳ.

ಬಿರುಕಿನ ದೂರು

ಇಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. 5 ಮೀಟರ್ ಉದ್ದದ ನೆಲ 20 ಡಿಗ್ರಿಯಷ್ಟು ಬಿಸಿಯಾದರೆ ಗ್ರಾನೈಟ್ ಸುಮಾರು 0.8 ಮಿ.ಮೀ. ಹಿಗ್ಗಿದರೆ, ಅಡಿಯ ಗಾರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಈ ವ್ಯತ್ಯಾಸವನ್ನು ಸಹಿಸುವ ಬಾಗುವ ಗುಣದ ಅಂಟು, ಗೋಡೆಯಂಚಿನಲ್ಲಿ ಮೆತ್ತನೆಯ ಪಟ್ಟಿ ಹಾಗೂ ಹಿಗ್ಗುವಿಕೆಗೆ ಬಿಟ್ಟ ಸಂದುಗಳು ಇರಲೇಬೇಕು. ಮಾನಕದಂತೆ ಗಾರೆಯ ಒಂದು ಅಖಂಡ ಭಾಗ 40 ಚದರ ಮೀಟರನ್ನೂ, ಅದರ ಒಂದು ಬದಿ 8 ಮೀಟರನ್ನೂ ಮೀರಬಾರದು. ಗಾರೆಯಲ್ಲಿ ಬಿಟ್ಟ ಸಂದು ಕಲ್ಲಿನಲ್ಲೂ ಅದೇ ಗೆರೆಯಲ್ಲಿ ಮುಂದುವರಿಯಬೇಕು.

ಸಿಮೆಂಟ್ ಗಾರೆ ಹಾಕಿದ 21 ದಿನಗಳಿಗೆ ಮೊದಲು ಬಿಸಿನೀರು ಹಾಯಿಸಕೂಡದು. ಅನಂತರವೂ 3 ದಿನ 25 ಡಿಗ್ರಿಯ ನೀರನ್ನು, ಬಳಿಕ 4 ದಿನ ವಿನ್ಯಾಸದ ಗರಿಷ್ಠ ಉಷ್ಣತೆಯ ನೀರನ್ನು ಹಾಯಿಸಿ, ಅದನ್ನು ದಾಖಲಿಸಿ, ಗಾರೆಯ ತೇವಾಂಶ ಅಳೆದ ಮೇಲೆಯೇ ಕಲ್ಲು ಹಾಸಬೇಕು. ಕಟ್ಟಡ ಒಪ್ಪಿಸುವ ಅವಸರದಲ್ಲಿ ಈ ಹಂತವನ್ನು ಕೈಬಿಟ್ಟರೆ ಗಾರೆ ಕಲ್ಲಿನಡಿಯಲ್ಲಿ ಕುಗ್ಗುತ್ತದೆ. ತಿಳಿಬಣ್ಣದ ಕಲ್ಲಿನಲ್ಲಿ ತೇವದ ಕಲೆಗಳೂ ಮೂಡುತ್ತವೆ.

ಬಿರುಕಿನ ಛಾಯಾಚಿತ್ರವೇ ಬಹಳಷ್ಟನ್ನು ಹೇಳಬಲ್ಲದು. ಬಾಗಿಲಿನ ಹೊಸ್ತಿಲು ಅಥವಾ ಕಂಬದ ಮೂಲೆಯಿಂದ ಹೊರಟು ಹಲವು ಕಲ್ಲುಗಳನ್ನು ದಾಟಿ ಒಂದೇ ಗೆರೆಯಲ್ಲಿ ಸಾಗುವ ಬಿರುಕು ಬಹುಮಟ್ಟಿಗೆ ಅಡಿಯ ಪದರದ ಚಲನೆಯ ಫಲ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಂಟು ಬಿಟ್ಟಿದೆ ಎಂದರ್ಥ. ಆದರೆ ಒಂದೇ ಕಲ್ಲಿನಲ್ಲಿ, ಅದರ ಸಹಜ ಎಳೆಯನ್ನೇ ಅನುಸರಿಸಿ ಬಿರುಕು ಮೂಡಿದ್ದರೆ ದೋಷ ಕಲ್ಲಿನದೇ ಇರಬಹುದು. ಅಂತಹ ಸಂದರ್ಭದಲ್ಲಿ ವಾದಕ್ಕಿಳಿಯದೆ ಬದಲಿ ಕಲ್ಲು ಕಳುಹಿಸುವುದೇ ವ್ಯವಹಾರದ ಗೌರವವನ್ನು ಉಳಿಸುತ್ತದೆ.

ದೂರು ಬಂದಾಗ ಕೇಳಬೇಕಾದುವು

1. ಕೊಠಡಿಯ ಹಾಗೂ ನೆಲದ ಮೇಲ್ಮೈಯ ಅಳೆದ ಉಷ್ಣತೆ.
2. ಮ್ಯಾನಿಫೋಲ್ಡ್‌ನಲ್ಲಿ ಪ್ರತಿ ಸುರುಳಿಯ ಹರಿವು, ನೀರಿನ ಉಷ್ಣತೆ ಮತ್ತು ಒತ್ತಡ.
3. ಗಾರೆ ಹಾಕಿದ, ಬಿಸಿ ಮಾಡಿದ ಹಾಗೂ ಕಲ್ಲು ಹಾಸಿದ ದಿನಾಂಕಗಳ ದಾಖಲೆ ಮತ್ತು ತೇವಾಂಶದ ಅಳತೆ.
4. ಹಿಗ್ಗುವಿಕೆಯ ಸಂದುಗಳ ನಕ್ಷೆ ಹಾಗೂ ಬಳಸಿದ ಅಂಟಿನ ವಿವರ.
5. ಬಿರುಕು ಪೂರ್ಣವಾಗಿ ಕಾಣುವಂತೆ ತೆಗೆದ ಛಾಯಾಚಿತ್ರಗಳು.

ಈ ವಿವರಗಳನ್ನು ದೂರು ಬಂದ ಮೇಲೆ ಹುಡುಕುವುದಕ್ಕಿಂತ, ಕಲ್ಲನ್ನು ಬಿಸಿ ನೆಲಕ್ಕೆ ಬಳಸುವುದಾದರೆ ಈ ದಾಖಲೆಗಳನ್ನು ಇಟ್ಟಿರಬೇಕೆಂಬ ಷರತ್ತನ್ನು ಮಾರಾಟದ ಕರಾರಿನಲ್ಲೇ ಸೇರಿಸುವುದು ಲೇಸು. ಸಾಗಣೆಗೆ ಮುನ್ನ ಪ್ರತಿ ಸರಕಿನ ಮಾದರಿಯನ್ನೂ ಛಾಯಾಚಿತ್ರಗಳನ್ನೂ ತನ್ನಲ್ಲಿ ಉಳಿಸಿಕೊಂಡ ರಫ್ತುದಾರನಿಗೆ ತನ್ನ ಕಲ್ಲು ಹೇಗಿತ್ತೆಂದು ತೋರಿಸಲು ಆಧಾರವಿರುತ್ತದೆ. ಅದಿಲ್ಲದಿದ್ದರೆ ಬಾಕಿ ಹಣ ಪೂರ್ಣವಾಗಿ ಬರುವುದೋ ಇಲ್ಲವೋ ಎಂಬುದು ಖರೀದಿದಾರನ ಮಾತಿಗೇ ಬಿಟ್ಟ ವಿಷಯವಾಗುತ್ತದೆ.