ಮಗಳ ಮೊದಲ ಕೆಲಸ: ಕೇಳಿ, ಓದಿ, ಆಮೇಲೆ ಒಪ್ಪಿ



ಪರೀಕ್ಷೆ ಮುಗಿಯುತ್ತದೆ. ಬೇಸಿಗೆ ರಜೆ ಬರುತ್ತದೆ. ಆಗ ಪೇಟೆಯಿಂದ ಒಬ್ಬ ಊರಿಗೆ ಬರುತ್ತಾನೆ. ಮನೆ ಮನೆಗೆ ಹೋಗುತ್ತಾನೆ. ಜಗಲಿಯ ಮೇಲೆ ಕೂತು ಮಾತು ತೆಗೆಯುತ್ತಾನೆ.

"ಅಕ್ಕಾ, ನಿಮ್ಮ ಮಗಳು ಮನೇಲಿ ಸುಮ್ನೆ ಕೂತು ಏನ್ ಮಾಡ್ತಾಳೆ? ಪೇಟೇಲಿ ಒಳ್ಳೆ ಕೆಲಸ ಐತೆ. ಊಟ, ಇರೋ ಜಾಗ ಎಲ್ಲಾ ಅವರದೇ. ಈಗಲೇ ಇಪ್ಪತ್ತು ಸಾವಿರ ಮುಂಗಡ ಕೊಡ್ತೀನಿ. ಇಲ್ಲೊಂದು ಸಹಿ ಹಾಕಿ, ಸಾಕು."

ಇಂಥ ಮಾತನ್ನು ನೀವೂ ಕೇಳಿರಬಹುದು. ಮನೆಯಲ್ಲಿ ಕಷ್ಟ ಇರುತ್ತದೆ. ಸಂಘದ ಸಾಲದ ಕಂತು ಕಟ್ಟಬೇಕಾಗಿರುತ್ತದೆ. ಮಗಳೂ "ನಾನೂ ದುಡೀತೀನಮ್ಮಾ" ಅನ್ನುತ್ತಾಳೆ. ದುಡಿಯುವ ಆಸೆ ತಪ್ಪಲ್ಲ. ಆದರೆ ಮೊದಲ ಕೆಲಸ ಎಂಥದು, ಎಲ್ಲಿ, ಯಾರ ಹತ್ತಿರ? ಇದನ್ನು ನೋಡದೆ ಕಳಿಸಿದರೆ ಅವಳ ಓದು ನಿಲ್ಲಬಹುದು. ಕೈಕಾಲಿಗೆ ಪೆಟ್ಟಾಗಬಹುದು. ಜೀವಕ್ಕೇ ಅಪಾಯ ಬರಬಹುದು. ಆದ್ದರಿಂದ ಒಪ್ಪುವ ಮೊದಲು ಐದು ಪ್ರಶ್ನೆ ಕೇಳಬೇಕು. ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ನಿಮಗೆ ಈಗ ಓದು ಬರಹ ಬಂದಿದೆ. ಇಂಥ ಕಡೆ ಅದು ಕೆಲಸಕ್ಕೆ ಬರಬೇಕು.

1. ವಯಸ್ಸು ಎಷ್ಟು?

ಮೊದಲ ಪ್ರಶ್ನೆ ಇದೇ. 14 ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಹೋಟೆಲಿಗೂ ಇಲ್ಲ, ಅಂಗಡಿಗೂ ಇಲ್ಲ, ಮನೆಗೆಲಸಕ್ಕೂ ಇಲ್ಲ.

ಮಕ್ಕಳ ದುಡಿತದ ಬಗ್ಗೆ 1986ರಲ್ಲಿ ಒಂದು ಕಾಯ್ದೆ ಬಂತು. ಆಗ ಕೆಲವು ಅಪಾಯದ ಕೆಲಸಗಳಿಗೆ ಮಾತ್ರ ತಡೆ ಇತ್ತು. 2006ರಲ್ಲಿ ಮನೆಗೆಲಸ ಮತ್ತು ಹೋಟೆಲ್ ಕೆಲಸವನ್ನೂ ಸೇರಿಸಿದರು. 2016ರಲ್ಲಿ ಕಾಯ್ದೆಯನ್ನು ತಿದ್ದಿದರು. ಅಂದಿನಿಂದ 14 ವರ್ಷದ ಒಳಗಿನವರಿಗೆ ಎಲ್ಲ ಕೆಲಸಕ್ಕೂ ತಡೆ.

"ಹಾಗಾದರೆ ಮಗಳು ನಮ್ಮ ಹೊಲದಲ್ಲಿ ಕೈ ಜೋಡಿಸಬಾರದೇ?" ಎಂದು ನೀವು ಕೇಳಬಹುದು. ಜೋಡಿಸಬಹುದು. ಶಾಲೆ ಬಿಟ್ಟ ಮೇಲೆ, ಇಲ್ಲವೇ ರಜೆಯಲ್ಲಿ, ಸ್ವಂತ ಮನೆಯ ಕೆಲಸಕ್ಕೆ ನೆರವಾಗಬಹುದು. ಅದರಿಂದ ಓದು ಕೆಡಬಾರದು. ಕೆಲಸ ಅಪಾಯದ್ದೂ ಆಗಿರಬಾರದು. ಬೀಡಿ ಕಟ್ಟುವ ಕೆಲಸವನ್ನು ಮಾತ್ರ ಮನೆಯೊಳಗೂ ಮಕ್ಕಳಿಂದ ಮಾಡಿಸುವಂತಿಲ್ಲ.

14 ತುಂಬಿದೆ, 18 ತುಂಬಿಲ್ಲ. ಇಂಥವರು ಅಪಾಯವಿಲ್ಲದ ಕೆಲಸ ಮಾಡಬಹುದು.

ವಯಸ್ಸನ್ನು ಬಾಯಲ್ಲಿ ಹೇಳಿದರೆ ಸಾಲದು. ಜನನ ಪ್ರಮಾಣ ಪತ್ರ ಇಲ್ಲವೇ ಶಾಲೆಯ ದಾಖಲೆ ಬೇಕು. ಕೆಲವು ತಾಯಂದಿರು ಶಾಲೆಗೆ ಬಂದು, "ಮೇಷ್ಟ್ರೇ, ಎರಡು ವರ್ಷ ಜಾಸ್ತಿ ಬರಕೊಡಿ" ಅನ್ನುತ್ತಾರೆ. ಹಾಗೆ ಕೇಳಬೇಡಿ. ಹದಿನಾರರ ಹುಡುಗಿಗೆ ಹದಿನೆಂಟು ಎಂದು ಬರೆಸಿದರೆ ಕಾಯ್ದೆಯ ಆಸರೆ ತಪ್ಪುತ್ತದೆ. ಅವಳನ್ನು ದೊಡ್ಡವರಂತೆ ದುಡಿಸುತ್ತಾರೆ. ಮುಂದೆ ಒಂದು ಕಾಗದಕ್ಕೂ ಇನ್ನೊಂದು ಕಾಗದಕ್ಕೂ ತಾಳೆ ಆಗುವುದಿಲ್ಲ. ಆಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

2. ಕೆಲಸ ಎಂಥದು?

"ಪೇಟೇಲಿ ಕೆಲಸ" ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಊರು, ಯಾವ ಬೀದಿ, ಯಾರ ಅಂಗಡಿ, ಏನು ಮಾಡಬೇಕು? ಎಲ್ಲ ಕೇಳಿ.

ಗಣಿ, ಕಲ್ಲು ಕ್ವಾರಿ, ಪಟಾಕಿ ತಯಾರಿಸುವ ಮತ್ತು ಮಾರುವ ಕಡೆ 18 ವರ್ಷ ತುಂಬದವರನ್ನು ಇಟ್ಟುಕೊಳ್ಳುವಂತಿಲ್ಲ. ಬೆಂಕಿ ಹತ್ತುವ ವಸ್ತು, ಸಿಡಿಮದ್ದು, ವಿಷದ ರಾಸಾಯನಿಕ ಇರುವ ಕಾರ್ಖಾನೆಯೂ ಬೇಡ.

"ನಾಲ್ಕು ದಿನದ ಕೆಲಸ ತಾನೇ?" ಎಂದು ಸುಮ್ಮನಾಗಬೇಡಿ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹತ್ತಿರ ಅತ್ತಿಬೆಲೆಯಲ್ಲಿ ಒಂದು ಪಟಾಕಿ ಮಳಿಗೆಗೆ ಬೆಂಕಿ ಬಿತ್ತು. ಹತ್ತಕ್ಕೂ ಹೆಚ್ಚು ಜನ ಒಳಗೇ ಸುಟ್ಟು ಸತ್ತರು. ಅವರಲ್ಲಿ ಅನೇಕರು ತಮಿಳುನಾಡಿನ ಹಳ್ಳಿಗಳಿಂದ ಬಂದ ಎಳೆಯ ವಯಸ್ಸಿನವರು. ಓದುತ್ತಿದ್ದ ಹುಡುಗರೂ ಇದ್ದರು. ದೀಪಾವಳಿ ಹತ್ತಿರ ಬಂದಿತ್ತು. ಹಬ್ಬದ ವ್ಯಾಪಾರದಲ್ಲಿ ನಾಲ್ಕು ಕಾಸು ಸಂಪಾದಿಸೋಣ ಎಂದು ಬಂದಿದ್ದರು.

ಮನೆಗೆಲಸದ ಬಗ್ಗೆ ಒಂದು ಮಾತು. ಬೇರೆಯವರ ಮನೆಯೊಳಗೆ ಹುಡುಗಿ ಎಷ್ಟು ದುಡಿಯುತ್ತಾಳೆ, ಯಾವಾಗ ಮಲಗುತ್ತಾಳೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಹೊಡೆದರೂ ತಿಳಿಯುವುದಿಲ್ಲ. ಹಗಲು ಹೋಗಿ ಸಂಜೆ ಮನೆಗೆ ಬರುವ ಕೆಲಸವೇ ಮೇಲು. ರಾತ್ರಿ ಅಲ್ಲೇ ಇರಬೇಕು ಎಂದರೆ ಒಪ್ಪಬೇಡಿ.

3. ಎಷ್ಟು ಹೊತ್ತು ದುಡಿಯಬೇಕು?

14ರಿಂದ 18 ವರ್ಷದವರ ದುಡಿತಕ್ಕೆ ಈ ಕಾಯ್ದೆ ಹೊತ್ತು ಗೊತ್ತು ಮಾಡಿದೆ. ಲೆಕ್ಕ ಹಾಕಿ ನೋಡಿ.

ಬೆಳಿಗ್ಗೆ 9 ಗಂಟೆಗೆ ಅಂಗಡಿಗೆ ಹೋದಳು ಎನ್ನಿ. 12 ಗಂಟೆಯವರೆಗೆ ಕೆಲಸ. ಅಲ್ಲಿಗೆ 3 ಗಂಟೆ ಆಯಿತು. ಆಮೇಲೆ ಒಂದು ಗಂಟೆ ಬಿಡುವು ಕೊಡಲೇಬೇಕು. 1 ಗಂಟೆಗೆ ಮತ್ತೆ ಕೆಲಸ. 3 ಗಂಟೆಗೆ ಮನೆಗೆ ಹೊರಡಬೇಕು. ಬಿಡುವೂ ಸೇರಿ ಒಟ್ಟು 6 ಗಂಟೆ. ಇದಕ್ಕಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ. ಕೆಲಸಕ್ಕಾಗಿ ಕಾಯುತ್ತಾ ಕೂತ ಹೊತ್ತೂ ಈ ಲೆಕ್ಕದಲ್ಲೇ ಬರುತ್ತದೆ.

ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಓವರ್‌ಟೈಮ್ ಮಾಡಿಸುವಂತಿಲ್ಲ. ಒಂದೇ ದಿನ ಎರಡು ಕಡೆ ದುಡಿಸುವಂತಿಲ್ಲ. ವಾರಕ್ಕೆ ಒಂದು ದಿನ ಪೂರ್ತಿ ರಜೆ.

4. ಕೂಲಿ ಎಷ್ಟು? ಯಾರ ಕೈಗೆ?

"ಕೆಲಸ ನೋಡಿ ಕೊಡ್ತೀವಿ" ಅನ್ನುವವರು ಬಹಳ ಜನ. ಆ ಮಾತಿಗೆ ಒಪ್ಪಬೇಡಿ. ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ ಎಂದು ಮೊದಲೇ ಕೇಳಿ. ಊಟಕ್ಕೆಂದು ಹಿಡಿದುಕೊಳ್ಳುತ್ತಾರೆಯೇ ಎಂದೂ ಕೇಳಿ. ಕನಿಷ್ಠ ಕೂಲಿಯನ್ನು ಸರ್ಕಾರ ಗೊತ್ತು ಮಾಡುತ್ತದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಹೇಳುತ್ತಾರೆ. ಒಂದೇ ಕೆಲಸಕ್ಕೆ ಹುಡುಗನಿಗೂ ಹುಡುಗಿಗೂ ಒಂದೇ ಕೂಲಿ. "ಹೆಣ್ಣಾಳಿಗೆ ಕಡಿಮೆ" ಎನ್ನುವುದು ಕಾಯ್ದೆಗೆ ವಿರುದ್ಧ.

10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆಯಬಹುದು. ಕೂಲಿ ಅಲ್ಲಿಗೇ ಬರಲಿ. ಕರೆದುಕೊಂಡು ಹೋದವನ ಕೈಗೆ ಬೇಡ. ಪಾಸ್‌ಬುಕ್ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ತಾಯಿ ಮಗಳು ಇಬ್ಬರೂ ಕೂತು ಓದಿ.

5. ಮುಂಗಡ ಯಾಕೆ ಕೊಡುತ್ತಾರೆ?

ಮುಂಗಡ ಕೊಡುವವನು ಧರ್ಮಕ್ಕೆ ಕೊಡುವುದಿಲ್ಲ. ಮಗಳು ಅರ್ಧದಲ್ಲಿ ಬಿಟ್ಟು ಬರಬಾರದು ಎಂದು ಕೊಡುತ್ತಾನೆ. ಅವಳಿಗೆ ಜ್ವರ ಬಂದರೂ "ಮುಂಗಡ ತೀರಿಸಿ ಹೋಗು" ಅನ್ನುತ್ತಾನೆ. ಬಡ್ಡಿ ಸೇರಿಸುತ್ತಾನೆ. ಮುಂಗಡ ತೀರುವುದೇ ಇಲ್ಲ. ಹೀಗೆ ಸಾಲ ಕೊಟ್ಟು ಜನರನ್ನು ಕಟ್ಟಿಹಾಕಿ ದುಡಿಸುವುದಕ್ಕೆ ಜೀತ ಎನ್ನುತ್ತಾರೆ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿದೆ. ಜೀತದ ಸಾಲವನ್ನು ತೀರಿಸಬೇಕಾಗಿಯೂ ಇಲ್ಲ. ಮಕ್ಕಳ ದುಡಿತದ ಮೇಲೆ ಮುಂಗಡ ತೆಗೆದುಕೊಳ್ಳಬೇಡಿ.

ಬಿಳಿ ಹಾಳೆಗೆ ಸಹಿ ಹಾಕಬೇಡಿ. ಬರೆದ ಹಾಳೆಯಾದರೆ ನಿಧಾನವಾಗಿ ಓದಿ. ಓದುವುದು ತಡವಾದರೆ ಆಗಲಿ, ಅವನು ಕಾಯಲಿ. ತಿಳಿಯದಿದ್ದರೆ "ನಾಳೆ ಬಾ" ಎಂದು ಹೇಳಿ, ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ಓದೋಣ.

ಓದು ಬಿಡಬೇಕೇ?

ಬೇಡ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಹಕ್ಕು ಇದೆ. ಆ ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದಾದ ಮೇಲೂ ದಾರಿಗಳಿವೆ.

ಎಸ್.ಎಸ್.ಎಲ್.ಸಿ. ಫೇಲಾದರೆ ಮತ್ತೆ ಪರೀಕ್ಷೆ ಕಟ್ಟಬಹುದು. ಕೈಕೆಲಸ ಕಲಿಯಲು ಐ.ಟಿ.ಐ. ಇದೆ. ಅಲ್ಲಿಗೆ 14 ವರ್ಷ ತುಂಬಿರಬೇಕು. ಬಹಳ ವಿಷಯಗಳಿಗೆ ಎಸ್.ಎಸ್.ಎಲ್.ಸಿ. ಬೇಕು. ಹೊಲಿಗೆಯಂಥ ಕೆಲವಕ್ಕೆ 8ನೇ ತರಗತಿ ಪಾಸಾದರೂ ಸಾಕು.

ಕೆಲಸ ಕಲಿಯುತ್ತಲೇ ಸ್ವಲ್ಪ ಹಣ ಪಡೆಯುವ ದಾರಿಯೂ ಇದೆ. ಅದಕ್ಕೆ ಅಪ್ರೆಂಟಿಸ್ ಎನ್ನುತ್ತಾರೆ. ಇದರ ಕಾಯ್ದೆ 1961ರದು. 14 ವರ್ಷ ತುಂಬಿದವರು ಸೇರಬಹುದು. ಅಪಾಯದ ಕೈಗಾರಿಕೆಯಾದರೆ 18 ತುಂಬಿರಬೇಕು. ಪ್ರತಿ ತಿಂಗಳೂ ಸ್ಟೈಪೆಂಡ್ ಕೊಡಬೇಕು. 18 ತುಂಬದವರ ಪರವಾಗಿ ಹೆತ್ತವರು ಕರಾರಿಗೆ ಸಹಿ ಹಾಕಬೇಕು. ಆ ಸಹಿ ನಿಮ್ಮದೇ ಆಗಬಹುದು. ಹೆಬ್ಬೆಟ್ಟು ಒತ್ತಬೇಡಿ. ಓದಿ, ನಿಮ್ಮ ಹೆಸರು ಬರೆಯಿರಿ.

ಮಗಳು ರಜೆಯಲ್ಲಿ ಮಾತ್ರ ದುಡಿಯುತ್ತಾಳೆ ಎಂದಾದರೆ, ಯಾವ ದಿನ ವಾಪಸು ಬರಬೇಕು ಎಂದು ಮೊದಲೇ ಹೇಳಿಬಿಡಿ. ಜೂನ್ ತಿಂಗಳಲ್ಲಿ ಬೆಂಚು ಖಾಲಿ ಇದ್ದರೆ ನಾವು ಮಾಸ್ತರರು ಒಂದು ವಾರ ಕಾಯುತ್ತೇವೆ, ಎರಡು ವಾರ ಕಾಯುತ್ತೇವೆ. ದೀಪಾವಳಿಯ ತನಕ ಬಾರದ ಹುಡುಗಿ ಆಮೇಲೆ ಬರುವುದು ಅಪರೂಪ.

ತೊಂದರೆ ಆದರೆ ಯಾರನ್ನು ಕೇಳಬೇಕು?

ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ಮಗಳಿಗೆ ಬಾಯಿಪಾಠ ಮಾಡಿಸಿ. ಹಗಲೂ ರಾತ್ರಿಯೂ ಫೋನ್ ಮಾಡಬಹುದು. ಕಾಸು ಬೀಳುವುದಿಲ್ಲ. ಮಗಳೇ ಮಾಡಬಹುದು, ನೀವೂ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು. ಕಾರ್ಮಿಕ ನಿರೀಕ್ಷಕರಿಗೆ, ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ ಕೂಡ ದೂರು ಕೊಡಬಹುದು.

ಕಾಯ್ದೆ ಮೀರಿ ಮಕ್ಕಳನ್ನು ದುಡಿಸಿದ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿವರೆಗೆ ದಂಡ. ಎರಡೂ ಆಗಬಹುದು. "ನಮ್ಮನ್ನೂ ಹಿಡಿದು ಹಾಕ್ತಾರೇನೋ" ಎಂದು ಹೆದರಿ ಸುಮ್ಮನಿರಬೇಡಿ. ಮೊದಲ ಸಲ ಹೆತ್ತವರಿಗೆ ಶಿಕ್ಷೆ ಇಲ್ಲ. ಮತ್ತೆ ಮತ್ತೆ ಕಳಿಸಿದರೆ ಮಾತ್ರ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಬರೆಯಿರಿ

ಮನೆಯಲ್ಲಿ ಒಂದು ನೋಟ್ ಪುಸ್ತಕ ಇಡಿ. ಮಗಳೋ ಮಗನೋ ಕೆಲಸಕ್ಕೆ ಹೊರಟರೆ ಮೊದಲ ಪುಟದಲ್ಲಿ ಇಷ್ಟು ಬರೆಯಿರಿ:

ಮಾಲೀಕರ ಹೆಸರು.
ಕೆಲಸದ ಜಾಗ, ಬೀದಿ, ಊರು.
ಫೋನ್ ನಂಬರ್.
ಕರೆದುಕೊಂಡು ಹೋದವರ ಹೆಸರು, ಅವರ ಊರು.
ಕೆಲಸಕ್ಕೆ ಸೇರಿದ ತಾರೀಖು.
ಕೂಲಿ ಎಷ್ಟು, ಯಾವ ದಿನ.
ಶಾಲೆಗೆ ವಾಪಸು ಬರುವ ತಾರೀಖು.

ಎರಡನೇ ಪುಟದಲ್ಲಿ ದಿನದ ಲೆಕ್ಕ: ಎಷ್ಟು ಗಂಟೆಗೆ ಹೋದಳು, ಎಷ್ಟು ಗಂಟೆಗೆ ಬಂದಳು, ಎಷ್ಟು ಹಣ ಬಂತು. ಕೂಲಿ ಕೊಡದೆ ಸತಾಯಿಸಿದರೆ ಈ ಪುಟವನ್ನೇ ಕಾರ್ಮಿಕ ಕಚೇರಿಯಲ್ಲಿ ತೋರಿಸಬಹುದು.

ಕೇಂದ್ರದಲ್ಲಿ ಚರ್ಚೆ ಮಾಡಿ

1. ನಿಮ್ಮ ಊರಿನಿಂದ ಈ ವರ್ಷ ಎಷ್ಟು ಮಕ್ಕಳು ದುಡಿಯಲು ಹೋಗಿದ್ದಾರೆ? ಅವರ ವಯಸ್ಸು ಎಷ್ಟು?
2. ಅವರು ಎಲ್ಲಿದ್ದಾರೆ ಎಂದು ಹೆತ್ತವರಿಗೆ ಗೊತ್ತಿದೆಯೇ?
3. ಬೆಳಿಗ್ಗೆ 8ಕ್ಕೆ ಹೋಗಿ ಸಂಜೆ 5ಕ್ಕೆ ಬಂದರೆ ಎಷ್ಟು ಗಂಟೆ ಆಯಿತು? ಕಾಯ್ದೆಗಿಂತ ಎಷ್ಟು ಹೆಚ್ಚು?
4. ಮುಂಗಡ ಹಿಡಿದು ಬಂದವನಿಗೆ ನೀವು ಏನು ಹೇಳುತ್ತೀರಿ? ಎರಡು ವಾಕ್ಯ ಬರೆಯಿರಿ.