ಎರಡೂ ಹಾರ್ಟಿನ ಮಾತ್ರೆ ತಾನೆ?

"ಎರಡೂ ಹಾರ್ಟಿನ ಮಾತ್ರೆ ತಾನೆ, ಒಂದಕ್ಕೊಂದು ಏನ್ ಮಾಡ್ತಾವೋ?" ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿ, ಕತ್ತರಿಸಿದ ಸ್ಟ್ರಿಪ್‌ಗಳನ್ನು ಚಾಪೆಯ ಮೇಲೆ ಸುರಿಯುತ್ತಾ ನಮ್ಮ ಸೋದರತ್ತೆ ಕೇಳಿದರು. ಚೆನ್ನಾಗಿ ಓದಿದವರ ಬಾಯಲ್ಲೂ ಇದೇ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಕವರಿನಲ್ಲಿ ರಾಮಿಪ್ರಿಲ್ ಇತ್ತು, ಸ್ಪೈರೊನೊಲ್ಯಾಕ್ಟೋನ್ ಇತ್ತು. ಹಾರ್ಟ್ ಫೇಲ್ಯೂರ್ ಇರುವ ಅತ್ತೆಗೆ ಎರಡೂ ಬೇಕಾದವೇ. ಆದರೆ ಮೂತ್ರದಲ್ಲಿ ಪೊಟ್ಯಾಸಿಯಂ ಹೊರಹೋಗಲು ಆಲ್ಡೊಸ್ಟೆರೋನ್ ಎಂಬ ಹಾರ್ಮೋನು ಬೇಕು. ರಾಮಿಪ್ರಿಲ್ ಅದನ್ನು ತಗ್ಗಿಸುತ್ತದೆ, ಸ್ಪೈರೊನೊಲ್ಯಾಕ್ಟೋನ್ ಉಳಿದದ್ದನ್ನೂ ಕೆಲಸ ಮಾಡಗೊಡುವುದಿಲ್ಲ. ರಕ್ತದಲ್ಲಿ 3.5ರಿಂದ 5ರ ಆಸುಪಾಸಿನಲ್ಲಿರಬೇಕಾದ ಪೊಟ್ಯಾಸಿಯಂ 6 ದಾಟಿ ಏರಿದರೆ ಬಡಿತ ತಪ್ಪಬಹುದು, ಹೃದಯ ನಿಂತೇ ಹೋಗಬಹುದು. ಎಷ್ಟೋ ಸಲ ಅದಕ್ಕೆ ಮುಂಚೆ ಒಂದು ಸೂಚನೆಯೂ ಸಿಗುವುದಿಲ್ಲ.

ಸ್ಪೈರೊನೊಲ್ಯಾಕ್ಟೋನಿನಿಂದ ಸಾವು ಶೇ 30ರಷ್ಟು ತಗ್ಗಿತೆಂದು 1999ರಲ್ಲಿ ರೇಲ್ಸ್ ಎಂಬ ಅಧ್ಯಯನ ತೋರಿಸಿತು. ಅಲ್ಲಿ ರೋಗಿಗಳ ರಕ್ತವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಆಮೇಲೆ ಕೆನಡಾದ ಒಂಟಾರಿಯೊದಲ್ಲಿ ಈ ಮಾತ್ರೆ ಬರೆಯುವುದು ಒಮ್ಮೆಲೇ ಹೆಚ್ಚಿತು. ರಾಮಿಪ್ರಿಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಹಾರ್ಟ್ ಫೇಲ್ಯೂರ್ ಇದ್ದ ವೃದ್ಧರಲ್ಲಿ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರಿದವರು 1994ರಲ್ಲಿ ಸಾವಿರಕ್ಕೆ 2.4, 2001ರಲ್ಲಿ 11. ಆಗಲೂ ಅಪರೂಪವೇ ಅನ್ನಿ. ಆ ಹನ್ನೊಂದರಲ್ಲಿ ನಮ್ಮ ಮನೆಯವರೊಬ್ಬರು ಇದ್ದರೆ?

"ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಂಡ್ರೆ ಆಯ್ತು" ಎನ್ನುವವರಿದ್ದಾರೆ. ಇವುಗಳ ಪ್ರಭಾವ ದಿನವಿಡೀ ಇರುತ್ತದೆ, ಹೊತ್ತು ಬದಲಿಸಿ ಉಪಯೋಗವಿಲ್ಲ. ನಿಲ್ಲಿಸಿದ ಮಾತ್ರೆಯ ಚಿಂತೆ ಬೇಡ ಎನ್ನುವುದೂ ತಪ್ಪು: ಅಮಿಯೊಡರೋನ್ ಎಂಬ ಹಾರ್ಟಿನ ಮಾತ್ರೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ಮೈಯಲ್ಲುಳಿದು, ಡಿಗಾಕ್ಸಿನ್ ಎಂಬ ಇನ್ನೊಂದು ಹಾರ್ಟಿನ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು.

ಅಡುಗೆಮನೆಯಲ್ಲಿ ಇನ್ನೊಂದು ಸಿಕ್ಕಿತು. ಬಿಪಿಗೆ ಒಳ್ಳೆಯದೆಂದು ವಾಟ್ಸ್ಯಾಪಿನಲ್ಲಿ ಬಂದದ್ದನ್ನು ನಂಬಿ ತಂದ ಲೋ ಸೋಡಿಯಂ ಉಪ್ಪು. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂದಿತ್ತು. ಜೊತೆಗೆ ದಿನಕ್ಕೆರಡು ಎಳನೀರು, ಅದರಲ್ಲೂ ಪೊಟ್ಯಾಸಿಯಂ ಧಾರಾಳ. ಯಾರೋ ಕಳಿಸಿದ ಮೆಸೇಜಿಗೆ ಮನೆಯ ಉಪ್ಪನ್ನೇ ಬದಲಿಸುತ್ತೇವೆ, ಡಾಕ್ಟರು ಬರೆದ ರಕ್ತಪರೀಕ್ಷೆಯ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತೇವೆ. ಮಾತ್ರೆ ಶುರುವಾದ ಒಂದು ವಾರಕ್ಕೆ, ಮತ್ತೆ ತಿಂಗಳಿಗೆ ಆಗಬೇಕಾದ ಪರೀಕ್ಷೆ ಅದು. ಇದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಆ ಚೀಟಿ ತೆಗೆದು ರಕ್ತ ಕೊಡಿಸಿದೆವು, ಮರುದಿನ ಅತ್ತೆಯ ರಿಪೋರ್ಟ್ ಬಂತು: ಪೊಟ್ಯಾಸಿಯಂ 5.9. ಡಾಕ್ಟರು ರಾಮಿಪ್ರಿಲ್ ಮುಂದುವರಿಸಿ ಸ್ಪೈರೊನೊಲ್ಯಾಕ್ಟೋನನ್ನು ಅರ್ಧಕ್ಕಿಳಿಸಿದರು, ಆ ಉಪ್ಪನ್ನೂ ಎಳನೀರನ್ನೂ ಬಿಡಿಸಿದರು. ಮುಂದಿನ ಸೋಮವಾರ ಮತ್ತೆ ರಕ್ತ ಕೊಡಬೇಕು.