ನಾತ ಹೋದರೆ ಅನಿಲ ಹೋದಂತಲ್ಲ

ಮಂಜೂರಿನ ಚಳಿಗೂ ಗೋಬರ್ ಗ್ಯಾಸಿಗೂ ಅಷ್ಟಾಗಿ ಹೊಂದುವುದಿಲ್ಲ. ಅನಿಲ ಚೆನ್ನಾಗಿ ಹುಟ್ಟಲು 30-35 ಡಿಗ್ರಿ ಶಾಖ ಬೇಕು. ಕುಂದಾ ಸೀಮೆಯ ಈ ಬೆಟ್ಟದಲ್ಲಿ ಮಾರ್ಗಶಿರ ಬಂತೆಂದರೆ ಒಲೆ ಮಿಣುಕುತ್ತದೆ. ಆಗ ಮನೆಯವನಿಗೆ ಅನುಮಾನ: ಒಳಗೆ ಹೂಳು ಕೂತಿರಬೇಕು, ಯಾರನ್ನಾದರೂ ಇಳಿಸೋಣ. ಅಪಾಯ ಶುರುವಾಗುವುದೇ ಅಲ್ಲಿ.

ಕಳೆದ ಚಳಿಗಾಲ ಗೆಳೆಯನ ಹಟ್ಟಿಯಲ್ಲಿ ಹಾಗೇ ಆಯಿತು. ಗುಮ್ಮಟದ ತೊಟ್ಟಿ ಬರಿದು ಮಾಡಿ ಒಂದು ರಾತ್ರಿ ಬಾಯಿ ತೆರೆದಿಟ್ಟಿದ್ದರು. ಮೈಸೂರು ಕಡೆಯ ಕೂಲಿಯವ ಬಗ್ಗಿ ಮೂಸಿ, "ನಾತ ಹೋಗೈತೆ, ಇಳೀತೀನಿ" ಅಂದ. ನಾನೂ ಹೂಂ ಅನ್ನುವವನಿದ್ದೆ.

ಕನ್ನಡದಲ್ಲಿ ಕಂಪು ಎಂದರೆ ಪರಿಮಳ, ತೆಲುಗಿನಲ್ಲಿ ದುರ್ನಾತ. ಈ ಗುಂಡಿಯ ಮುಂದೆ ಮಾತ್ರ ಎರಡೂ ಭಾಷೆಯ ಮೂಗು ಒಂದೇ ತರಹ ಮೋಸ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತೆ. ಅದೇ 100 ದಾಟಿತೋ, ಕೆಲವೇ ನಿಮಿಷದಲ್ಲಿ ಮೂಗೇ ಮಂಕಾಗುತ್ತೆ. ಇನ್ನೂ ಹೆಚ್ಚಾದರೆ ಮನುಷ್ಯ ಕೂಗಲೂ ಆಗದೆ ಬೀಳುತ್ತಾನೆ; ಎತ್ತಲು ಹೋದವನೂ ಅವನ ಪಕ್ಕ ಬೀಳುತ್ತಾನೆ.

ನಮ್ಮ ಹಿರಿಯರು ಬಾವಿಗಿಳಿಯುವ ಮುಂಚೆ ಲಾಂದ್ರ ಇಳಿಸುತ್ತಿದ್ದರು. ಆರಿದರೆ ಉಸಿರಾಡುವ ಗಾಳಿ ಇಲ್ಲ ಎಂದರ್ಥ. ಗೆಳೆಯನೂ ಲಾಂದ್ರಕ್ಕೆ ಕೈ ಹಾಕಿದ. ಸದ್ಯ, ತಡೆದೆ! ಗೋಬರ್ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮಿಥೇನ್. ಅದು ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಿದ್ದರೆ ಕಿಡಿ ಸಾಕು, ಗುಮ್ಮಟವೇ ಸಿಡಿಯುತ್ತೆ.

ಊಟಿ ಕಡೆ ಚರಂಡಿ ನೀರು ಶುದ್ಧೀಕರಣದ ಕೆಲಸ ಮಾಡುವ ಪರಿಚಯದ ಹುಡುಗನನ್ನು ಕರೆಸಿದೆವು. ಅವನ ಮೀಟರು ಅಂಗೈಯಗಲ, ಕೋಳಿಮರಿಯಂತೆ ಚಿಂವ್ ಅನ್ನುವುದು. ಆಮ್ಲಜನಕ, ಉರಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ನಾಲ್ಕನ್ನೂ ಅಳೆಯುತ್ತೆ. ಇಂಗಾಲದ ಡೈ ಆಕ್ಸೈಡನ್ನು ಅಳೆಯುವುದಿಲ್ಲ. ಆಮ್ಲಜನಕ ಇಳಿದದ್ದರಿಂದಲೇ ಊಹಿಸಬೇಕು. ಹಗ್ಗ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ನೋಡಿದ. ಮಿಥೇನ್ ಹಗುರ, ಗುಮ್ಮಟದ ಮೂಲೆಗೆ ಏರುತ್ತೆ. ಉಳಿದೆರಡು ಭಾರ, ತಳ ಹಿಡಿಯುತ್ತವೆ. ಬಾಯಲ್ಲಿ ಆಮ್ಲಜನಕ 20.9, ಸರಿಯಾಗಿತ್ತು. ತಳದಲ್ಲಿ 19.5ಕ್ಕಿಂತ ಕೆಳಗಿಳಿದು ಮೀಟರು ಕೂಗಿಕೊಂಡಿತು.

ಚರಂಡಿ, ಶೌಚಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸಬಾರದೆಂದು 2013ರ ಕಾಯ್ದೆ ಇದೆ. ಚರಂಡಿಯಲ್ಲಿ ಸತ್ತವರ ಮನೆಗೆ 30 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಿತ್ತಲಿನ ಸಗಣಿ ಗುಂಡಿಯನ್ನು ನೋಡಲು ಯಾರು ಬರುತ್ತಾರೆ?

ಆ ದಿನ ಯಾರೂ ಇಳಿಯಲಿಲ್ಲ. ಉದ್ದ ಕೋಲಿಗೆ ಬಕೆಟ್ ಕಟ್ಟಿ ಮೇಲಿಂದಲೇ ಹೂಳು ತೆಗೆದೆವು, ಎರಡು ದಿನ ಹಿಡಿಯಿತು. ಕೂಲಿಯವ ಎರಡು ದಿನದ್ದೂ ಕೂಲಿ ಕೇಳಿದ, ಗೆಳೆಯ ಗೊಣಗುತ್ತಲೇ ಕೊಟ್ಟ.